ಒಂದು ಹನಿ, ಕೂದಲೆಳೆ ಕಾಲುವೆ, ಓಡಿ ಎಷ್ಟು? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಹೋದ ತಿಂಗಳು ಇದೇ ಪುಟದಲ್ಲಿ ಮೈಕ್ರೋಫ್ಲೂಯಿಡಿಕ್ ಚಿಪ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದೇ, ಬೆರಳಗಲದ ಗಾಜೋ ಪ್ಲಾಸ್ಟಿಕ್ಕೋ ತಗೊಂಡು ಅದರೊಳಗೆ ಕೂದಲಷ್ಟು ಸಣ್ಣ ಕಾಲುವೆ ಮಾಡಿ, ಆ ಕಾಲುವೆಲಿ ದ್ರವ ಹರಿಸಿ, ಬೆಳಕು ಬಿಟ್ಟು, ದ್ರವ ಎಷ್ಟು ಬೆಳಕು ನುಂಗ್ತು ಅಂತ ಅಳೆಯೋದು. ಆ ಅಳತೆಗೇ ಓಡಿ, ಅಂದ್ರೆ ಆಪ್ಟಿಕಲ್ ಡೆನ್ಸಿಟಿ ಅನ್ನೋದು. ಇಂಥದ್ದಕ್ಕೆ ಯಾರಪ್ಪಾ ಕಾಗದ ಬರೀತಾರೆ ಅಂದ್ಕೊಂಡಿದ್ದೆ, ನೋಡಿದ್ರೆ ಕೋಲಾರ, ಬಾಗೇಪಲ್ಲಿ, ತಿಪಟೂರು, ಮಾಲೂರು, ಶಿರಾ ಎಲ್ಲಾ ಕಡೆಯಿಂದ ಬಂದಿದೆ, ಅದರಲ್ಲೂ ವಾಟ್ಸಾಪಲ್ಲಿ ಬಂದಿದ್ದೇ ಜಾಸ್ತಿ. ನಾನೇನು ವಿಜ್ಞಾನಿ ಅಲ್ಲ, ತುಮಕೂರಲ್ಲಿ ಕೂತ್ಕೊಂಡು ಕಾಲೇಜು ಲ್ಯಾಬುಗಳ ಕಲರಿಮೀಟರು, ಸ್ಪೆಕ್ಟ್ರೋಫೋಟೋಮೀಟರು, ಅಂದ್ರೆ ಇದೇ ಥರ ಬೆಳಕಲ್ಲಿ ದ್ರವ ಅಳೆಯೋ ಮೆಷಿನ್ನುಗಳನ್ನ, ರಿಪೇರಿ ಮಾಡ್ತಾ ಮಾಡ್ತಾ ತಲೆ ಬೆಳ್ಳಗಾದೋನು. ಮೆಷಿನ್ ಕೆಟ್ಟಿದೆ ಅಂತ ಕರೆದ ಕಡೆ ಹೋದ್ರೆ ಹತ್ತಕ್ಕೆ ಐದು ಸಲ ಮೆಷಿನ್ ಚೆನ್ನಾಗೇ ಇರುತ್ತೆ, ಕ್ಯುವೆಟ್ (ಅಳೆಯೋ ದ್ರವ ಹಾಕಿಡೋ ಸಣ್ಣ ಪಾರದರ್ಶಕ ಡಬ್ಬಿ) ಮೇಲೆ ಬೆರಳಚ್ಚು ಇರುತ್ತೆ. ಆ ಅನುಭವದ ಮೇಲೆ ಉತ್ತರ ಕೊಡ್ತಿದೀನಿ.

ಪ್ರಶ್ನೆ (ಕೋಲಾರದ ಎಂಎಸ್ಸಿ ವಿದ್ಯಾರ್ಥಿನಿ): ಸಾರ್, ಪ್ರಾಜೆಕ್ಟಿಗೆ ಪಿಡಿಎಂಎಸ್ (ಪಾರದರ್ಶಕ ಸಿಲಿಕೋನ್ ರಬ್ಬರ್) ಚಿಪ್ ಮಾಡಿದೀನಿ, ಕಾಲುವೆ 100 ಮೈಕ್ರಾನ್ ಆಳ, 100 ಮೈಕ್ರಾನ್ ಅಗಲ. ಗುಲಾಬಿ ಬಣ್ಣದ ದ್ರಾವಣ ಮಾಮೂಲಿ ಕ್ಯುವೆಟ್ಟಲ್ಲಿಟ್ಟರೆ ಓಡಿ 0.8 ಬರುತ್ತೆ. ಅದೇ ದ್ರಾವಣ ಚಿಪ್ಪಿಗೆ ಬಿಟ್ಟು ಮೇಲೆ 5 ಎಂಎಂ ಹಸಿರು ಎಲ್ಇಡಿ, ಕೆಳಗೆ ಬೆಳಕು ಅಳೆಯೋ ಫೋಟೋಡಯೋಡ್ ಇಟ್ಟರೆ ನೀರಿಗೂ ಬಣ್ಣಕ್ಕೂ ಒಂದೇ ರೀಡಿಂಗ್. ಗೈಡು ಎಲ್ಇಡಿ ಸರಿ ಇಲ್ಲ ಅಂತಾರೆ. ಮೂರು ಎಲ್ಇಡಿ ಬದಲಾಯಿಸಿದೆ ಸಾರ್, ಇನ್ನು ಅಳೋದೊಂದು ಬಾಕಿ.

ಉತ್ತರ: ಅಳಬೇಡಿ ತಾಯಿ, ಎಲ್ಇಡಿ ಕೆಟ್ಟಿಲ್ಲ, ಮೂರನ್ನೂ ವಾಪಸ್ ಡಬ್ಬಕ್ಕೆ ಹಾಕಿಡಿ. ಮೊದಲು ಅಡುಗೆಮನೆಗೆ ಹೋಗಿ ಒಂದು ಗಾಜಿನ ಲೋಟಕ್ಕೆ ಗಟ್ಟಿ ಡಿಕಾಕ್ಷನ್ ಹಾಕ್ಕೊಂಡು ಕಿಟಕಿ ಹತ್ರ ಬನ್ನಿ. ನೇರ ನೋಡಿದ್ರೆ ಕಪ್ಪು, ಆಚೆ ಕಡೆ ಏನೂ ಕಾಣಲ್ಲ. ಈಗ ಲೋಟ ನಿಧಾನಕ್ಕೆ ಓರೆ ಮಾಡಿ, ಡಿಕಾಕ್ಷನ್ನು ಗಾಜಿನ ಮೇಲೆ ತೆಳ್ಳಗೆ ಹರಡ್ಕೊಳ್ಳೋ ಅಂಚು ನೋಡಿ, ಅಲ್ಲಿ ಜೇನುತುಪ್ಪದ ಬಣ್ಣ, ಇನ್ನೂ ತುದಿಗೆ ಹೋದ್ರೆ ಬಣ್ಣಾನೇ ಇಲ್ಲ. ಡಿಕಾಕ್ಷನ್ ಅದೇ, ಪುಡಿ ಅದೇ, ಬದಲಾಗಿದ್ದು ಬೆಳಕು ದಾಟಬೇಕಾದ ದಪ್ಪ ಅಷ್ಟೇ. ನಿಮ್ಮ ಚಿಪ್ಪಲ್ಲಿ ನೀವು ಆ ತುದಿ ಅಂಚಲ್ಲಿ ಕೂತ್ಕೊಂಡು ಬಣ್ಣ ಹುಡುಕ್ತಾ ಇದೀರ.

ಲೆಕ್ಕ ಹಾಕೋಣ. ಕ್ಯುವೆಟ್ ಒಳಗಿನ ದಾರಿ 1 ಸೆಂಟಿಮೀಟರ್, ಅಂದ್ರೆ 10,000 ಮೈಕ್ರಾನ್. ನಿಮ್ಮ ಕಾಲುವೆ 100 ಮೈಕ್ರಾನ್. ದಾರಿ ನೂರನೇ ಒಂದು ಭಾಗ ಆಯ್ತು ಅಂದ್ರೆ ಓಡಿನೂ ನೂರನೇ ಒಂದು ಭಾಗ, 0.8 ಹೋಗಿ 0.008. ಓಡಿ ಅನ್ನೋದು ಲಾಗರಿದಮ್ ಲೆಕ್ಕ ಆಗಿರೋದ್ರಿಂದ ಅದನ್ನ ಬೆಳಕಿನ ಲೆಕ್ಕಕ್ಕೆ ತಿರುಗಿಸಿ ನೋಡಿದ್ರೇನೇ ಹೊಡೆತ ಎಷ್ಟು ಅಂತ ಗೊತ್ತಾಗೋದು. ಕ್ಯುವೆಟ್ಟಲ್ಲಿ 100 ಪಾಲು ಬೆಳಕು ಬಿಟ್ರೆ ಆಚೆ ಬರೋದು 16 ಪಾಲು, ಚಿಪ್ಪಲ್ಲಿ ಆಚೆ ಬರೋದು 98ಕ್ಕೂ ಒಂಚೂರು ಜಾಸ್ತಿ. ಬರೀ ನೀರಿಗೆ 100. ಅಂದ್ರೆ ನಿಮಗೆ ಸಿಗೋ ವ್ಯತ್ಯಾಸ 100ಕ್ಕೆ 2 ಕೂಡ ಇಲ್ಲ. ಎಲ್ಇಡಿ ಹಚ್ಚಿ ಬಿಸಿ ಏರ್ತಾ ಏರ್ತಾ ಅಷ್ಟು ಬೆಳಕು ತಾನಾಗೇ ಇಳಿದುಬಿಡುತ್ತೆ.

ಇಷ್ಟೇ ಆಗಿದ್ರೂ ಏನೋ ಒಂದು ಕಾಣಬೇಕಿತ್ತು, ಒಂದೇ ರೀಡಿಂಗ್ ಬರ್ತಿದೆ ಅಂದ್ರೆ ಇನ್ನೊಂದು ತಪ್ಪಿದೆ, ಅದು ನಿಮ್ಮ ಕಾಗದದಲ್ಲೇ ಇದೆ. 5 ಎಂಎಂ ಎಲ್ಇಡಿ ಅಂದ್ರಲ್ಲಾ, ಆ 5 ಎಂಎಂ ಅಗಲದ ಬೆಳಕಿನ ಕೆಳಗೆ 0.1 ಎಂಎಂ ಕಾಲುವೆ. ಬೆಳಕಲ್ಲಿ ಕಾಲುವೆ ಮೇಲೆ ಬೀಳೋದು 100ಕ್ಕೆ ಎರಡೂವರೆ ಪಾಲು, ಮಿಕ್ಕಿದ್ದೆಲ್ಲಾ ಪಕ್ಕದ ಪಿಡಿಎಂಎಸ್ ದಾಟ್ಕೊಂಡು ಸೀದಾ ಫೋಟೋಡಯೋಡಿಗೆ. ಮೊದಲೇ 2ಕ್ಕಿಂತ ಕಮ್ಮಿ ಇದ್ದ ವ್ಯತ್ಯಾಸ ಈಗ 10,000ಕ್ಕೆ 4 ಅಥವಾ 5 ಪಾಲಿಗೆ ಇಳೀತು. ಇಷ್ಟನ್ನ ಮಲ್ಟಿಮೀಟರ್ ತೋರಿಸ್ತಿಲ್ಲ ಅಂತ ಬೈದ್ರೆ ಅದೇನು ಮಾಡುತ್ತೆ ಪಾಪ.

ಈ ಕಳ್ಳದಾರಿ ಬೆಳಕಿನ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ, ಯಾಕಂದ್ರೆ ಚಿಪ್ ಮಾಡೋರು ಮುಕ್ಕಾಲು ಜನ ಎಡವೋದು ಇಲ್ಲೇ. ಅರ್ಧ ಬೆಳಕು ದ್ರವ ದಾಟದೆ ಪಕ್ಕದಿಂದ ಹೋಯ್ತು ಅಂತಿಟ್ಕೊಳ್ಳಿ, ಆಗ ನೀವು ಕಾಲುವೆಗೆ ಇಂಡಿಯನ್ ಇಂಕೇ ಸುರಿದ್ರೂ ಆ ಅರ್ಧ ಬೆಳಕು ಬಂದೇ ಬರುತ್ತೆ, ಮೀಟರ್ 0.3ರ ಮೇಲೆ ಏರೋದೇ ಇಲ್ಲ. ಅದಕ್ಕೇ ಮೊದಲ ಕೆಲಸ, ಅಲ್ಯೂಮಿನಿಯಂ ಫಾಯಿಲ್ಲೋ ಕಪ್ಪು ಟೇಪೋ ತಗೊಂಡು ಬ್ಲೇಡಲ್ಲಿ ಕಾಲುವೆಗಿಂತ ಸಣ್ಣ ಸೀಳು ಮಾಡಿ ಚಿಪ್ಪಿಗೆ ಅಂಟಿಸೋದು, ಬೇರೆ ಎಲ್ಲೂ ಬೆಳಕು ನುಸುಳಬಾರದು. ಕೆಲವರು ಪಿಡಿಎಂಎಸ್ಸಿಗೇ ಕಾರ್ಬನ್ ಪುಡಿ ಕಲಸಿ ಕಪ್ಪು ಚಿಪ್ ಎರಕ ಹೊಯ್ತಾರೆ, ಆಗ ಗೋಡೆನೇ ಬೆಳಕು ನುಂಗ್ಕೊಳ್ಳುತ್ತೆ.

ಎರಡನೇ ಕೆಲಸ ದಾರಿ ಉದ್ದ ಮಾಡೋದು. ನಿಮ್ಮ ಲ್ಯಾಬ್ ಬೀರುವಲ್ಲಿ ನೆಸ್ಲರ್ ಟ್ಯೂಬ್ ಇರುತ್ತೆ ನೋಡಿ, ಉದ್ದನೆ ಗಾಜಿನ ಕೊಳವೆ, ಅದನ್ನ ಪಕ್ಕದಿಂದ ನೋಡಲ್ಲ, ಬಿಳಿ ಹಾಳೆ ಮೇಲಿಟ್ಟು ಮೇಲಿಂದ ಬಗ್ಗಿ ನೋಡ್ತೀವಿ. ಪಕ್ಕದಿಂದ ನೋಡಿದ್ರೆ ಬರೀ ನೀರು, ಮೇಲಿಂದ ನೋಡಿದ್ರೆ ಹಳದಿ. ಅದೇ ಉಪಾಯ. ಬೆಳಕನ್ನ ಚಿಪ್ಪಿನ ಮೇಲಿಂದ ಕೆಳಕ್ಕೆ ಬಿಡೋ ಬದಲು ಕಾಲುವೆ ಉದ್ದಕ್ಕೂ ಬಿಡಿ. ಕಾಲುವೆನ ಇಂಗ್ಲಿಷಿನ ಝಡ್ ಆಕಾರಕ್ಕೆ ತಿರುಗಿಸಿ, ನಡುವಿನ ಗೆರೆ 1 ಸೆಂಟಿಮೀಟರ್ ನೇರ ಇರಲಿ, ಆ ಗೆರೆಯ ಒಂದು ತುದಿಗೆ ಎಲ್ಇಡಿಯಿಂದ ಬಂದ ಆಪ್ಟಿಕಲ್ ಫೈಬರ್, ಇನ್ನೊಂದು ತುದಿಗೆ ಡಯೋಡಿಗೆ ಹೋಗೋ ಫೈಬರ್. ಕಳೆದುಹೋದ 0.8ನ್ನ ಹೆಚ್ಚುಕಮ್ಮಿ ವಾಪಸ್ ತರಬಹುದು. ಇದರ ಮಜಾ ಏನು ಅಂದ್ರೆ ಆ 1 ಸೆಂಟಿಮೀಟರ್ ಗೆರೆಗೆ ಬೇಕಾದ ದ್ರವ 0.1 ಮೈಕ್ರೋಲೀಟರ್ ಮಾತ್ರ. ಡ್ರಾಪರಿಂದ ಬೀಳೋ ಒಂದು ಹನಿ ಸುಮಾರು 50 ಮೈಕ್ರೋಲೀಟರ್, ಆ ಒಂದು ಹನಿಲಿ ಇಂಥ 500 ಕಾಲುವೆ ತುಂಬಬಹುದು. ಕ್ಯುವೆಟ್ಟಿನಷ್ಟೇ ದಾರಿ, ಹನಿಯ ಚೂರಿನಷ್ಟು ದ್ರವ, ಚಿಪ್ ಮಾಡೋ ಪಾಡೆಲ್ಲಾ ಇದಕ್ಕೇ ತಾನೇ.

ಹೆಚ್ಚುಕಮ್ಮಿ ಅಂತ ಯಾಕಂದೆ ಅಂದ್ರೆ, ಬೆಳಕು ಕಾಲುವೆಲಿ ನೀರಿನ ಹಂಗೆ ಗೋಡೆ ಹಿಡ್ಕೊಂಡು ಹೋಗಲ್ಲ. ನೀರಿನ ವಕ್ರೀಭವನಾಂಕ, ಅಂದ್ರೆ ಬೆಳಕನ್ನ ಎಷ್ಟು ಬಗ್ಗಿಸುತ್ತೆ ಅನ್ನೋ ಅಂಕಿ, 1.33, ಪಿಡಿಎಂಎಸ್ಸಿದು ಸುಮಾರು 1.41. ಆಪ್ಟಿಕಲ್ ಫೈಬರಲ್ಲಿ ಒಳಗಿನದ್ದು ಜಾಸ್ತಿ, ಹೊರಗಿನದ್ದು ಕಮ್ಮಿ ಇರುತ್ತೆ, ಅದಕ್ಕೇ ಬೆಳಕು ಒಳಗೇ ಪುಟಿದು ಪುಟಿದು ಮುಂದೆ ಹೋಗುತ್ತೆ. ನಿಮ್ಮದು ಉಲ್ಟಾ, ಅದಕ್ಕೇ ಬೆಳಕು ಗೋಡೆಗೆ ಸೋರಿಬಿಡುತ್ತೆ. ಟೆಫ್ಲಾನ್ ಎಎಫ್ ಅಂತ ಒಂದು ಪ್ಲಾಸ್ಟಿಕ್ ಇದೆ, ಅದರದ್ದು 1.29ರಿಂದ 1.31, ನೀರಿಗಿಂತ ಕಮ್ಮಿ, ಅದರ ಕೊಳವೆಗೆ ನೀರು ತುಂಬಿದ್ರೆ ನೀರೇ ಫೈಬರ್ ಆಗುತ್ತೆ, ಮೀಟರ್‌ಗಟ್ಟಲೆ ದಾರಿ ಸಿಗುತ್ತೆ. ಬೆಲೆ ಕೇಳಿದ್ರೆ ನಿಮ್ಮ ಪ್ರಾಜೆಕ್ಟ್ ದುಡ್ಡು ಕೊಳವೆಗೇ ಸರಿಹೋಗುತ್ತೆ, ಬಿಡಿ. ಬಡವರ ಉಪಾಯ ಏನಂದ್ರೆ ಕಾಲುವೆ ಎರಡೂ ಪಕ್ಕ ಖಾಲಿ ಗಾಳಿ ಕಾಲುವೆ ಬಿಡೋದು. ಗೋಡೆಗೆ ಸೋರಿದ ಬೆಳಕು ಗಾಳಿ ಅಂಚಿಗೆ ತಾಗಿ ವಾಪಸ್ ಪುಟಿಯುತ್ತೆ.

ಕೊನೇದು, ಎಲ್ಇಡಿ ಪಕ್ಕದಲ್ಲೇ ಇನ್ನೊಂದು ಫೋಟೋಡಯೋಡ್ ಇಟ್ಟು ಎಲ್ಇಡಿಯ ಏರಿಳಿತ ನೋಡ್ಕೊಳ್ಳಿ, ಎರಡರ ಅನುಪಾತ ತಗೊಳ್ಳಿ. ಟ್ಯೂಬ್‌ಲೈಟ್ ಆರಿಸಿ, ಅದು ಸೆಕೆಂಡಿಗೆ 100 ಸಲ ಮಿನುಗುತ್ತೆ, ನಿಮ್ಮ ಕಣ್ಣಿಗೆ ಕಾಣದೇ ಇದ್ರೂ ಡಯೋಡಿಗೆ ಕಾಣುತ್ತೆ. ಆಮೇಲೆ ಗೈಡಿಗೆ ಇದನ್ನೆಲ್ಲಾ ಹೇಳೋವಾಗ ಸ್ವಲ್ಪ ನಯವಾಗಿ ಹೇಳಿ, ಇಂಟರ್ನಲ್ಸ್ ಮಾರ್ಕ್ಸ್ ಅವರ ಕೈಲೇ ಇರೋದು.

ಪ್ರಶ್ನೆ (ಕೆಜಿಎಫ್‌ನಿಂದ ನಿವೃತ್ತ ಮೇಷ್ಟ್ರೊಬ್ಬರು): ದಪ್ಪ ಜಾಸ್ತಿ ಆದ್ರೆ ಬೆಳಕು ಕಮ್ಮಿ ಅನ್ನೋ ನಿಯಮನ ಬಿಯರ್ ಕಂಡುಹಿಡಿದ ಅಂತ ಹೋದ ತಿಂಗಳು ಬರೆದಿದ್ದೀರಿ. ಇದು ತಪ್ಪು, ಸರಿಪಡಿಸಿ.

ಉತ್ತರ: ತಪ್ಪಾಯ್ತು ಮೇಷ್ಟ್ರೇ. ದಪ್ಪದ ಮಾತು ಮೊದಲು ಬರೆದೋನು ಫ್ರಾನ್ಸಿನ ಪಿಯರ್ ಬೂಗೆ, 1729ರಲ್ಲಿ. ಆತನ ಹತ್ರ ಡಯೋಡೂ ಇಲ್ಲ, ಮೀಟರೂ ಇಲ್ಲ, ಚಂದ್ರನ ಬೆಳಕನ್ನ ಮೇಣದಬತ್ತಿ ಬೆಳಕಿನ ಜೊತೆ ಕಣ್ಣಲ್ಲೇ ಹೋಲಿಸಿ, ಚಂದ್ರ ಕೆಳಗಿದ್ದಾಗ ಗಾಳಿಯ ದಾರಿ ಉದ್ದ ಆಗಿ ಬೆಳಕು ಎಷ್ಟು ಕುಗ್ಗುತ್ತೆ ಅಂತ ನೋಡ್ದ. 1760ರಲ್ಲಿ ಲ್ಯಾಂಬರ್ಟ್ ಅದನ್ನ ಗಣಿತಕ್ಕೆ ಕೂರಿಸ್ದ. ಬಿಯರ್ ಬಂದಿದ್ದು 1852ಕ್ಕೆ, ಬಣ್ಣದ ದ್ರಾವಣ ಎಷ್ಟು ಗಟ್ಟಿ ಅನ್ನೋದನ್ನ ಸೇರಿಸ್ದ. ಮೊದಲು ಬಂದೋನ ಹೆಸರು ಎಷ್ಟೋ ಪಠ್ಯಪುಸ್ತಕದಲ್ಲಿ ಬಿಟ್ಟೇ ಹೋಗಿದೆ, ನಾನೂ ಅದೇ ಗುಂಪಿಗೆ ಸೇರ್ಕೊಂಡೆ. ನಿಮ್ಮ ಶಿಷ್ಯರು ಪಾಪ ಎಷ್ಟು ಹೆದರ್ತಿದ್ರೋ.

ಪ್ರಶ್ನೆ (ಬಾಗೇಪಲ್ಲಿ ತಾಲ್ಲೂಕಿನ ಒಬ್ಬ ವಾಟರ್‌ಮ್ಯಾನ್): ಅಣ್ಣಾ, ನಮ್ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಐತೆ. ಪಂಚಾಯ್ತಿಲಿ ಕಿಟ್ ಕೊಟ್ಟವ್ರೆ, ನೀರಿಗೆ ಔಷಧಿ ಹಾಕಿ ಬಣ್ಣ ಬಂದ್ಮೇಲೆ ಚಾರ್ಟ್ ಜೊತೆ ಹಿಡ್ದು ನೋಡೋದು. ನನಗೆ ಒಂಥರಾ ಕಾಣ್ತದೆ, ಆಶಾ ಅಕ್ಕನಿಗೆ ಇನ್ನೊಂಥರಾ ಕಾಣ್ತದೆ, ಸಾಯಂಕಾಲ ಮಾಡಿದ್ರೆ ಇನ್ನೇನೋ. ನೀವು ಬರ್ದಿರೋ ಚಿಪ್ಪಲ್ಲಿ ಒಂದು ಹನಿ ಹಾಕಿದ್ರೆ ಕರೆಕ್ಟಾಗಿ ಹೇಳ್ತದಾ?

ಉತ್ತರ: ಈ ಸಲದ ಕಾಗದಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ನಿಮ್ಮದೇ ಅಣ್ಣ, ಯಾಕಂದ್ರೆ ಕಣ್ಣು ಮೀಟರ್ ಅಲ್ಲ ಅನ್ನೋದನ್ನ ನೀವೇ ಕಂಡ್ಕೊಂಡಿದೀರ. ಕುಡಿಯೋ ನೀರಿನ ಭಾರತೀಯ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ ಒಪ್ತಾರೆ. 1.0ಗೂ 1.5ಗೂ ನಡುವಿನ ಬಣ್ಣದ ವ್ಯತ್ಯಾಸ ಮೋಡ ಇರೋ ದಿನ ಒಂಥರಾ, ಬಿಸಿಲಲ್ಲಿ ಒಂಥರಾ ಕಾಣೋದು ಸಹಜ.

ಲ್ಯಾಬಲ್ಲಿ ಬೆಳಕಲ್ಲಿ ಅಳೆಯೋ ಒಂದು ಹಳೇ ವಿಧಾನ ಇದೆ, ಸ್ಪಾಡ್ನ್ಸ್ ಅಂತಾರೆ. ಜಿರ್ಕೋನಿಯಂ ಅನ್ನೋ ಲೋಹ ಒಂದು ಕೆಂಪು ಬಣ್ಣದ ಡೈ ಜೊತೆ ಕೈ ಹಿಡ್ಕೊಂಡಿರುತ್ತೆ. ಫ್ಲೋರೈಡ್ ಬಂದ ತಕ್ಷಣ ಜಿರ್ಕೋನಿಯಂನ ತನ್ನ ಕಡೆ ಎಳ್ಕೊಂಡುಬಿಡುತ್ತೆ, ಡೈ ಒಂಟಿ ಆಗಿ ಬಣ್ಣ ತಿಳಿ ಆಗುತ್ತೆ. 570 ನ್ಯಾನೋಮೀಟರ್, ಅಂದ್ರೆ ಹಸಿರು-ಹಳದಿ ಬೆಳಕಲ್ಲಿ ನೋಡ್ತಾರೆ. ಇಲ್ಲಿ ಗಮನಿಸಿ, ಫ್ಲೋರೈಡ್ ಜಾಸ್ತಿ ಆದಷ್ಟೂ ಬಣ್ಣ ಕಮ್ಮಿ. ಅಂದ್ರೆ ಬಣ್ಣ ಎಷ್ಟು ಬಂತು ಅಂತಲ್ಲ, ಎಷ್ಟು ಹೋಯ್ತು ಅಂತ ಅಳೀಬೇಕು, ದೊಡ್ಡ ಅಂಕಿಯಿಂದ ದೊಡ್ಡ ಅಂಕಿ ಕಳೆದು ಮಿಕ್ಕ ಚಿಲ್ಲರೆನ ನಂಬಬೇಕು. ಮೇಲೆ ಕೋಲಾರದ ಹುಡುಗಿಗೆ ಹೇಳಿದ ಕಷ್ಟ ಎಲ್ಲಾ ಇಲ್ಲಿ ಡಬಲ್. ದಾರಿ ಉದ್ದ ಇಲ್ಲದ ಚಿಪ್ಪಲ್ಲಿ ಇದನ್ನ ಮಾಡ್ತೀನಿ ಅಂತ ಯಾರಾದ್ರೂ ಮಾರೋಕೆ ಬಂದ್ರೆ, ಬೆಳಕು ಎಷ್ಟು ಉದ್ದ ಹೋಗುತ್ತಪ್ಪಾ ಅಂತ ಒಂದೇ ಪ್ರಶ್ನೆ ಕೇಳಿ, ತಲೆ ಕೆರ್ಕೊಂಡ್ರೆ ಟೀ ಕುಡಿಸಿ ಕಳಿಸಿಬಿಡಿ.

ಹಂಗಂತ ಉಪಯೋಗ ಇಲ್ಲ ಅಂತಲ್ಲ. ಮಾಮೂಲಿ ವಿಧಾನದಲ್ಲಿ 50 ಎಂಎಲ್ ನೀರಿಗೆ 10 ಎಂಎಲ್ ಔಷಧಿ ಹೋಗುತ್ತೆ, ಅದು ಆಸಿಡ್, ಎಲ್ಲಿ ಚೆಲ್ತೀರ? ಚಿಪ್ಪಲ್ಲಿ ಹನಿ ಔಷಧಿ ಸಾಕು. ಇನ್ನು ಅಗ್ಗದ ದಾರಿ ಕಾಗದದ ಚಿಪ್. ಫಿಲ್ಟರ್ ಪೇಪರ್ ಮೇಲೆ ನೀರು ದಾಟದ ಗೆರೆ ಎಳೆದು ಕಾಗದವೇ ನೀರು ಹೀರ್ಕೊಂಡು ಹೋಗೋ ಹಂಗೆ ಮಾಡೋದು, ಅಮೆರಿಕದ ಹಾರ್ವರ್ಡಲ್ಲಿ ವೈಟ್‌ಸೈಡ್ಸ್ ಗುಂಪು 2007ರಲ್ಲಿ ತೋರಿಸ್ತು. ಅದನ್ನ ಮೊಬೈಲ್ ಕ್ಯಾಮೆರಾಲಿ ಓದಬಹುದು, ಆದ್ರೆ ಅಲ್ಲಿ ಬೆಳಕು ದಾಟಿ ಬರೋದಲ್ಲ, ಕಾಗದಕ್ಕೆ ಬಡಿದು ವಾಪಸ್ ಬರೋದು, ಹಂಗಾಗಿ ಬೂಗೆ ಬಿಯರ್ ಲೆಕ್ಕ ನೇರ ನಡೆಯಲ್ಲ, ಗೊತ್ತಿರೋ ಐದಾರು ದ್ರಾವಣ ಹಾಕಿ ನಿಮ್ಮದೇ ಗ್ರಾಫ್ ಎಳ್ಕೋಬೇಕು. ರಟ್ಟಿನ ಡಬ್ಬದೊಳಗೆ ಒಂದೇ ಎಲ್ಇಡಿ ಹಚ್ಚಿ ಫೋಟೋ ತೆಗೆದ್ರೆ ನಿಮ್ಮ ಬೆಳಗ್ಗೆ ಸಾಯಂಕಾಲದ ಜಗಳ ಮುಗೀತು. ಚಿಪ್ ಬರೋವರೆಗೂ ಕಾಯಬೇಡಿ, ಈಗಿರೋ ಕಿಟ್ಟಿನ ಟ್ಯೂಬನ್ನ, ಚಾರ್ಟನ್ನ ಅದೇ ಡಬ್ಬದೊಳಗಿಟ್ಟು ನೋಡಿ, ನೀವೂ ಆಶಾ ಅಕ್ಕನೂ ಒಂದೇ ನಂಬರ್ ಹೇಳ್ತೀರ.

ಇನ್ನೆರಡು ಮಾತು. ನೀರನ್ನ ಪ್ಲಾಸ್ಟಿಕ್ ಬಾಟಲಿಲಿ ಹಿಡೀರಿ, ಫ್ಲೋರೈಡಿಗೆ ಗಾಜು ಬೇಡ. ಮೋಟರ್ ಹಾಕಿದ ತಕ್ಷಣ ಹಿಡೀಬೇಡಿ, ಪೈಪಲ್ಲಿ ನಿಂತ ನೀರು ಹೋಗಲಿ. ಆಮೇಲೆ, ಎಲ್ಲಾದ್ರೂ ಆಲಂ ಅಂದ್ರೆ ಪಟಿಕ ಹಾಕಿ ಫ್ಲೋರೈಡ್ ತೆಗೀತಿದ್ರೆ, ನಲ್ಗೊಂಡ ವಿಧಾನ ಅಂತಾರಲ್ಲ ಅದು, ಆ ನೀರಲ್ಲಿ ಉಳಿದ ಅಲ್ಯೂಮಿನಿಯಂ ಫ್ಲೋರೈಡನ್ನ ತಾನು ಹಿಡ್ಕೊಂಡು ಸ್ಪಾಡ್ನ್ಸ್‌ನಲ್ಲಿ ನಿಜಕ್ಕಿಂತ ಕಮ್ಮಿ ತೋರಿಸುತ್ತೆ. ನೀರು ಶುದ್ಧ ಆಯ್ತು ಅಂತ ನೀವು ಖುಷಿ ಪಡೋ ಕಡೆನೇ ರೀಡಿಂಗ್ ಸುಳ್ಳು ಹೇಳುತ್ತೆ. ಇದು ಚಿಪ್ಪಲ್ಲಿ ಮಾಡಿದ್ರೂ ಅಷ್ಟೇ, ದೊಡ್ಡ ಮೆಷಿನ್ನಲ್ಲಿ ಮಾಡಿದ್ರೂ ಅಷ್ಟೇ.

ಪ್ರಶ್ನೆ (ತಿಪಟೂರು, ಲ್ಯಾಬ್ ಟೆಕ್ನಿಷಿಯನ್): ದಾರಿ ಸಣ್ಣ ಆದ್ರೆ ಬಣ್ಣ ಕಾಣಲ್ಲ ಅಂತೀರ. ಹಂಗಾದ್ರೆ ನಮ್ಮ ಕ್ಯಾಂಪಲ್ಲಿ ಬಳಸೋ ಹಿಮೋಗ್ಲೋಬಿನ್ ಮೀಟರ್ ಹೆಂಗೆ ಕೆಲಸ ಮಾಡುತ್ತೆ ಸಾರ್? ಬೆರಳು ಚುಚ್ಚಿ ಒಂದು ಹನಿ, ತೆಳ್ಳನೆ ಪ್ಲಾಸ್ಟಿಕ್ ಕ್ಯುವೆಟ್, ಅರ್ಧ ಒಂದು ನಿಮಿಷಕ್ಕೆ ರಿಸಲ್ಟ್. ಅದರ ದಾರಿ ಎಲ್ಲಿ ಉದ್ದ ಇದೆ?

ಉತ್ತರ: ಭಲೇ, ಸರಿಯಾಗಿ ಸಿಕ್ಕಿಹಾಕಿಸಿದ್ರಿ. ಉದ್ದ ಇಲ್ಲ, ಬೇಕಾಗೂ ಇಲ್ಲ. ಸ್ವೀಡನ್ನಿನ ಹಿಮೋಕ್ಯೂ ಕಂಪನಿ ಹೆಸರು ಮಾಡಿದ ಹಳೇ ಮಾದರಿಯ ಕ್ಯುವೆಟ್ಟನ್ನೇ ತಗೊಳ್ಳಿ, ಅದು ಕುಡಿಯೋ ರಕ್ತ ಸುಮಾರು 10 ಮೈಕ್ರೋಲೀಟರ್, ಬೆಳಕು ದಾಟೋ ಕಿಟಕಿ ದಪ್ಪ ಮಿಲಿಮೀಟರಿನ ಏಳೆಂಟನೇ ಒಂದು ಭಾಗ. ಆದ್ರೆ ರಕ್ತ ಅಂದ್ರೆ ಡಿಕಾಕ್ಷನ್ ಅಪ್ಪ. ನೀವು ಕಾಲೇಜಲ್ಲಿ ಡ್ರಾಬ್ಕಿನ್ ದ್ರಾವಣದಲ್ಲಿ ಮಾಡಿದ್ದು ನೆನಪಿದ್ಯಾ, 20 ಮೈಕ್ರೋಲೀಟರ್ ರಕ್ತ, 5 ಎಂಎಲ್ ದ್ರಾವಣ, ಅಂದ್ರೆ 251 ಪಟ್ಟು ತೆಳು ಮಾಡಿ 540 ನ್ಯಾನೋಮೀಟರಲ್ಲಿ ಓದ್ತಿದ್ರಿ. ಯಾಕೆ ತೆಳು ಮಾಡಬೇಕಿತ್ತು? 1 ಸೆಂಟಿಮೀಟರ್ ದಪ್ಪ ರಕ್ತದಲ್ಲಿ ಬೆಳಕು ಆಚೆ ಬರಲ್ಲ ಅಂತ. ಈ ಕ್ಯುವೆಟ್ಟಲ್ಲಿ ರಕ್ತ ತೆಳು ಮಾಡೋ ಬದಲು ದಾರಿನೇ ತೆಳು ಮಾಡಿದಾರೆ. ಪಿಪೆಟ್ ಬೇಡ, ಸೈನೈಡ್ ಇರೋ ಡ್ರಾಬ್ಕಿನ್ ಬಾಟಲಿ ಕ್ಯಾಂಪಿಗೆ ಹೊತ್ಕೊಂಡು ಹೋಗೋದು ಬೇಡ. ಅಂದ್ರೆ ಆ ಹುಡುಗಿಗೆ ಶಾಪ ಆಗಿದ್ದ ತೆಳು ಕಾಲುವೆನೇ ನಿಮಗೆ ವರ.

ಆ ಮಾದರಿ ಕ್ಯುವೆಟ್ಟಿನ ಒಳಗೋಡೆಗೆ ಒಣಗಿಸಿದ ರಾಸಾಯನಿಕ ಸವರಿರ್ತಾರೆ. ಅದರಲ್ಲಿ ಒಂದು ರಾಸಾಯನಿಕ ಕೆಂಪು ರಕ್ತಕಣನ ಒಡೆಯುತ್ತೆ, ಇನ್ನೆರಡು ಹಿಮೋಗ್ಲೋಬಿನ್ನನ್ನ ಒಂದೇ ಬಣ್ಣದ ರೂಪಕ್ಕೆ ತರುತ್ತೆ. ಮೀಟರ್ 570 ನ್ಯಾನೋಮೀಟರಲ್ಲಿ ಓದಿ, 880ರಲ್ಲೂ ಒಂದು ಸಲ ಓದುತ್ತೆ. ಆ ಎರಡನೇದು ರಕ್ತದ ಮಬ್ಬು ಕಳೆಯೋಕೆ, ಯಾಕಂದ್ರೆ ರಕ್ತದಲ್ಲಿ ಕೊಬ್ಬು ಜಾಸ್ತಿ ಇದ್ರೆ ಬೆಳಕನ್ನ ನುಂಗದೆ ಚದುರಿಸಿಬಿಡುತ್ತೆ, ಮೀಟರಿಗೆ ಎರಡೂ ಒಂದೇ ಥರ ಕಾಣುತ್ತೆ.

ಒಂದು ವಿಷಯ ನಾನು ಕ್ಯಾಂಪೊಂದರಲ್ಲಿ ಪಕ್ಕದಲ್ಲೇ ನಿಂತು ನೋಡಿದ್ದು. ಹೊಸ ಹುಡುಗ, ಕ್ಯೂ ಉದ್ದ ಇದೆ, ಬೇಗ ಬೇಗ ಆಗ್ಲಿ ಅಂತ ಬೆರಳನ್ನ ಹಿಂಡಿ ಹಿಂಡಿ ಹನಿ ತೆಗೀತಿದ್ದ. ಹಿಂಡಿದ್ರೆ ರಕ್ತದ ಜೊತೆ ಅಂಗಾಂಶದ ನೀರೂ ಬರುತ್ತೆ, ರೀಡಿಂಗ್ ಇಳಿಯುತ್ತೆ. ಒಬ್ಬಮ್ಮನಿಗೆ 9.4 ಬಂತು, ಆಯಮ್ಮ ಗಾಬರಿ. ಕ್ಯುವೆಟ್ ತೆಗೆದು ಬೆಳಕಿಗೆ ಹಿಡಿದ್ರೆ ಕಿಟಕಿ ಮಧ್ಯೆ ಸಾಸಿವೆ ಕಾಳಿಗಿಂತ ಸಣ್ಣ ಗಾಳಿ ಗುಳ್ಳೆ. ಆ ಗುಳ್ಳೆ ಇರೋ ಜಾಗದಲ್ಲಿ ರಕ್ತನೇ ಇಲ್ಲ, ಬೆಳಕು ಸಲೀಸಾಗಿ ದಾಟಿದೆ, ಮೀಟರ್ ಅದನ್ನ ರಕ್ತ ತೆಳು ಅಂತ ಲೆಕ್ಕ ಹಾಕಿದೆ. ಮೊದಲ ಹನಿಗಳನ್ನ ಒರೆಸಿ, ಹಿಂಡದೆ, ಒಂದೇ ಸಲಕ್ಕೆ ಕ್ಯುವೆಟ್ ತುಂಬಿಸಿ ನೋಡಿದ್ರೆ 11.8. ಗರ್ಭಿಣಿ ಅಲ್ಲದ ಹೆಂಗಸರಿಗೆ 12ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತಾರೆ, ಹಂಗಾಗಿ ಆಯಮ್ಮನಿಗೆ ಮಾತ್ರೆ ತಪ್ಪಲಿಲ್ಲ, ಗಾಬರಿ ಮಾತ್ರ ತಪ್ಪಿತು. ತುಂಬಿದ್ಮೇಲೆ ಒಂದು ಸೆಕೆಂಡ್ ಬೆಳಕಿಗೆ ಹಿಡಿದು ನೋಡಿ, ಗುಳ್ಳೆ ಇದ್ರೆ ಬಿಸಾಕಿ, ಮತ್ತೆ ತುಂಬಿಸೋಕೆ ಹೋಗಬೇಡಿ.

ಪ್ರಶ್ನೆ (ಮಾಲೂರು, ಹಾಲು ಉತ್ಪಾದಕರು): ಡೈರಿಲಿ ಫ್ಯಾಟ್ ಕಮ್ಮಿ ತೋರಿಸ್ತಾರೆ ಅಂತ ದಿನಾ ಗಲಾಟೆ. ಹಾಲನ್ನೂ ಹಿಂಗೇ ಬೆಳಕಲ್ಲಿ ಅಳೆಯೋಕಾಗುತ್ತಾ?

ಉತ್ತರ: ಕಣ್ಣಿಗೆ ಕಾಣೋ ಬೆಳಕಲ್ಲಾದ್ರೆ ತಾಪತ್ರಯ. ಹಾಲು ಬೆಳ್ಳಗಿರೋದು ಅದು ಬೆಳಕು ನುಂಗೋದ್ರಿಂದ ಅಲ್ಲ, ಕೊಬ್ಬಿನ ಗುಂಡುಗಳು, ಪ್ರೊಟೀನ್ ಕಣಗಳು ಬೆಳಕನ್ನ ದಿಕ್ಕಾಪಾಲು ಮಾಡೋದ್ರಿಂದ. ಊರಿನ ಡೈರಿಗಳಲ್ಲಿ ಇರೋ ಹಾಲಿನ ಮೆಷಿನ್ ಬಹುತೇಕ ಅಲ್ಟ್ರಾಸೌಂಡಿಂದು, ಅಂದ್ರೆ ಶಬ್ದದಲ್ಲಿ ಅಳೆಯೋದು. ದೊಡ್ಡ ಡೈರಿ ಲ್ಯಾಬುಗಳಲ್ಲಿ ಇನ್‌ಫ್ರಾರೆಡ್ ಬೆಳಕಲ್ಲಿ ಅಳೆಯೋ ಮೆಷಿನ್ ಇರುತ್ತೆ, ಅದರೊಳಗೆ ಹಾಲು ಹಾಯೋ ಸಂದಿ 50 ಮೈಕ್ರಾನ್ ಆಸುಪಾಸು, ನಮ್ಮ ಚಿಪ್ಪಿನ ಕಾಲುವೆಗಿಂತಲೂ ತೆಳು. ಯಾಕಂದ್ರೆ ಆ ಇನ್‌ಫ್ರಾರೆಡ್ಡಿಗೆ ನೀರೇ ಡಿಕಾಕ್ಷನ್ ಇದ್ದಂಗೆ, ದಪ್ಪ ಜಾಸ್ತಿ ಆದ್ರೆ ಏನೂ ದಾಟಲ್ಲ. ಮತ್ತೆ ಗುಂಡು ಗುಂಡು ಕೊಬ್ಬನ್ನ ಮೊದಲು ಜಜ್ಜಿ ಸಣ್ಣ ಮಾಡ್ಕೊಂಡೇ ಒಳಗೆ ಬಿಡೋದು. ನಿಮ್ಮ ಗಲಾಟೆ ವಿಷಯಕ್ಕೆ ಬಂದ್ರೆ, ಕ್ಯಾನಿನ ಹಾಲು ಚೆನ್ನಾಗಿ ಕಲಕಿ ಸ್ಯಾಂಪಲ್ ತೆಗೆದ್ರಾ ಅಂತ ಮೊದಲು ನೋಡಿ. ಕೆನೆ ಮೇಲೆ ನಿಂತಿರುತ್ತೆ, ಕೆಳಗಿಂದ ತೆಗೆದ್ರೆ ಯಾವ ಮೆಷಿನ್ನೂ ನಿಮ್ಮ ಪರ ಹೇಳಲ್ಲ.

ಪ್ರಶ್ನೆ (ಶಿರಾ, 9ನೇ ಕ್ಲಾಸು): ಅಷ್ಟು ಸಣ್ಣ ಕಾಲುವೆಲಿ ನೀರಿಗೆ ಔಷಧಿ ಕಲಸೋದು ಹೆಂಗೆ ಅಂಕಲ್? ಸ್ಪೂನ್ ಹೋಗಲ್ವಲ್ಲ.

ಉತ್ತರ: ಚೆನ್ನಾಗಿ ಕೇಳ್ದೆ ಮರಿ. ಸ್ಪೂನೂ ಹೋಗಲ್ಲ, ಸುಳಿನೂ ಏಳಲ್ಲ. ಅಷ್ಟು ಸಣ್ಣ ಜಾಗದಲ್ಲಿ ಕೆಂಪು ನೀರು ನೀಲಿ ನೀರು ಒಟ್ಟಿಗೆ ಬಿಟ್ರೆ ಎರಡೂ ಬೆಲ್ ಹೊಡೆದ್ಮೇಲೆ ಸಾಲಲ್ಲಿ ನಿಂತ ಮಕ್ಕಳ ಥರ ಪಕ್ಕ ಪಕ್ಕ ಹೋಗ್ತಾವೆ, ನಡುವೆ ಗೆರೆ ಎಳೆದಂಗೆ ಕಾಣುತ್ತೆ. ಕಲಸೋದು ಅಣುಗಳೇ, ತಾವಾಗೇ ಅಲ್ಲಾಡ್ತಾ ಆಚೆ ಕಡೆ ಸರ್ಕೊಂಡು ಹೋಗಿ. 100 ಮೈಕ್ರಾನ್ ಸರಿಯೋಕೆ ಸಣ್ಣ ಬಣ್ಣದ ಅಣುಗೆ ಸುಮಾರು 10 ಸೆಕೆಂಡ್ ಸಾಕು. ಅದರ ಹತ್ತು ಪಟ್ಟು, ಅಂದ್ರೆ 1 ಮಿಲಿಮೀಟರಿಗೆ ಎಷ್ಟು ಬೇಕು ಹೇಳು ನೋಡೋಣ? 100 ಸೆಕೆಂಡ್ ಅಂದ್ರೆ ತಪ್ಪು. ದೂರ ಹತ್ತು ಪಟ್ಟಾದ್ರೆ ಟೈಮು ನೂರು ಪಟ್ಟು, 1,000 ಸೆಕೆಂಡ್, ಕಾಲು ಗಂಟೆಗೂ ಜಾಸ್ತಿ. ಬೇಗ ಕಲಸಬೇಕು ಅಂದ್ರೆ ಕಾಲುವೆ ತಳದಲ್ಲಿ ಓರೆ ಓರೆ ಗೆರೆ ಕೊರೀತಾರೆ, ನೀರು ತಿರುಚ್ಕೊಂಡು ಹೋಗಿ ಪದರ ಪದರ ಆಗಿ ಬೆರೆಯುತ್ತೆ, ನಿಮ್ಮಮ್ಮ ಪರೋಟಾ ಹಿಟ್ಟು ಮಡಚಿ ಮಡಚಿ ಲಟ್ಟಿಸ್ತಾರಲ್ಲ ಹಂಗೆ.

ಪ್ರಶ್ನೆ (ಮತ್ತೆ ಕೋಲಾರದ ವಿದ್ಯಾರ್ಥಿನಿ, ಮೊದಲ ಉತ್ತರ ವಾಟ್ಸಾಪಲ್ಲಿ ಮುಂಚೆನೇ ಕಳಿಸಿದ್ದೆ): ಸಾರ್, ಫಾಯಿಲ್ ಸೀಳು ಮಾಡಿ, ಝಡ್ ಕಾಲುವೆ ಮಾಡಿ, ಫೈಬರ್ ಹಾಕಿದೆ. ಮೊದಲ ದಿನ 0.61 ಬಂತು! ಎರಡನೇ ದಿನ ಬರೀ ನೀರು ಬಿಟ್ಟರೂ 0.1 ತೋರಿಸುತ್ತೆ, ಮೂರನೇ ದಿನ 0.15. ಎಷ್ಟು ತೊಳೆದ್ರೂ ಹೋಗಲ್ಲ. ಡೈ ಹೆಸರು ಹೇಳೋದು ಮರೆತಿದ್ದೆ, ರೊಡಮಿನ್-ಬಿ. ಬೊಂಬಾಯಿ ಮಿಠಾಯಿಲಿ ಹಾಕ್ತಾರೆ ಅಂತ 2024ರಲ್ಲಿ ಸರ್ಕಾರ ಬ್ಯಾನ್ ಮಾಡ್ತಲ್ಲ, ಅದನ್ನ ಹಿಡಿಯೋದೇ ನನ್ನ ಪ್ರಾಜೆಕ್ಟ್.

ಉತ್ತರ: ಡೈ ಹೆಸರು ಮೊದಲೇ ಹೇಳಬಾರದಿತ್ತಾ ತಾಯಿ! ಚಿಪ್ಪನ್ನ ಬಿಳಿ ಹಾಳೆ ಮೇಲಿಟ್ಟು ನೋಡಿ, ಕಾಲುವೆ ಎರಡೂ ಪಕ್ಕ ಗೋಡೆ ಗುಲಾಬಿ ಆಗಿರುತ್ತೆ. ಪಿಡಿಎಂಎಸ್ ಅಂದ್ರೆ ಬಾತ್‌ರೂಮ್ ಟೈಲ್ಸ್ ಸಂದಿಗೆ ಹಾಕೋ ಸಿಲಿಕೋನಿನ ಅಣ್ಣತಮ್ಮ, ರೊಡಮಿನ್-ಬಿ ಥರದ ಎಣ್ಣೆ ಗುಣದ ಸಣ್ಣ ಅಣುಗಳನ್ನ ಸ್ಪಂಜಿನ ಹಂಗೆ ಹೀರ್ಕೊಳ್ಳುತ್ತೆ. ನೀವು ಕಾಲುವೆ ತೊಳೀತಿದೀರ, ಬಣ್ಣ ಗೋಡೆಯೊಳಗಿದೆ. ನಿಮ್ಮ 0.8 ಪೂರ್ತಿ ಬರದೆ 0.61ಕ್ಕೆ ನಿಂತಿದ್ದಕ್ಕೆ ಸೋರೋ ಬೆಳಕು ಒಂದು ಕಾರಣ, ಇನ್ನೊಂದು ಈ ಡೈ ಹಸಿರು ಬೆಳಕು ನುಂಗಿ ಕಿತ್ತಳೆ ಬೆಳಕು ಉಗುಳುತ್ತೆ, ನಿಮ್ಮ ಡಯೋಡಿಗೆ ಹಸಿರು ಯಾವುದು ಕಿತ್ತಳೆ ಯಾವುದು ಗೊತ್ತಾಗಲ್ಲ, ಬಂದ ಬೆಳಕನ್ನೆಲ್ಲಾ ಲೆಕ್ಕಕ್ಕೆ ತಗೊಳ್ಳುತ್ತೆ. ಡಯೋಡ್ ಮುಂದೆ ಕಿತ್ತಳೆ ತಡೆದು ಹಸಿರು ಬಿಡೋ ಫಿಲ್ಟರ್ ಇಡಿ.

ಗೋಡೆಗೆ ಮಾತ್ರ ಔಷಧಿ ಇಲ್ಲ, ಗಾಜಲ್ಲೋ ಅಕ್ರಿಲಿಕ್ಕಲ್ಲೋ ಹೊಸ ಚಿಪ್ ಮಾಡ್ಕೊಳ್ಳಿ. ಅಕ್ರಿಲಿಕ್ ಶೀಟು ಸೈನ್‌ಬೋರ್ಡ್ ಮಾಡೋರ ಹತ್ರ ಚೂರುಪಾರು ಸಿಗುತ್ತೆ, ಅವರ ಲೇಸರ್ ಕಟರಲ್ಲೇ ಗೆರೆ ಕೊರೆಸಿ. 100 ಮೈಕ್ರಾನ್ ಬರದೇ ಇರಬಹುದು, ಇನ್ನೂರು ಮುನ್ನೂರು ಆದ್ರೂ ಪರವಾಗಿಲ್ಲ, ಬೆಳಕು ಉದ್ದಕ್ಕೆ ಹೋಗ್ತಿರೋದ್ರಿಂದ ಅಗಲದ ಚಿಂತೆ ಬೇಡ. ಆ ಗುಲಾಬಿ ಆಗಿರೋ ಹಳೇ ಚಿಪ್ ಇದ್ಯಲ್ಲ, ಅದನ್ನ ಬಿಸಾಕಬೇಡಿ, ವೈವಾ ದಿನ ಜೊತೆಗೆ ತಗೊಂಡು ಹೋಗಿ ಎಕ್ಸ್‌ಟರ್ನಲ್ ಎಕ್ಸಾಮಿನರ್ ಮುಂದೆ ಇಡಿ.